ದೊರೆಯ ಊರಿನ ನಲವತ್ತೊಂದು ಗೆರೆಗಳು

ನನಗೇ ಯಾಕೆ ಹೀಗೆಲ್ಲ ಆಗುವುದು ಎಂದು ಕೇಳುವುದನ್ನು ನಾನು ಬಿಟ್ಟು ಬಹಳ ವರ್ಷವಾಯಿತು. ಕತಾರಿನಲ್ಲಿ ಸೆಕ್ರೆಟರಿ ಕೆಲಸ ಮಾಡುವವರು ನಗುವ ವಿಷಯ ಹುಡುಕಿಕೊಂಡು ಹೋಗಬೇಕಾಗಿಲ್ಲ ಮಾರಾಯ್ರೆ. ನಾವು ಆಫೀಸಿನ ಬೀಗ ತೆಗೆಯುವಷ್ಟರಲ್ಲಿ ಅದೇ ಬಂದು ಕುರ್ಚಿ ಎಳೆದು ಕೂತಿರುತ್ತದೆ.

ನಾನು ಉಡುಪಿ ಕಡೆಯವಳು. ಮನೆಯಲ್ಲಿ ಕೊಂಕಣಿ, ಅಂಗಡಿಗೆ ಹೋದರೆ ತುಳು, ಶಾಲೆಯಲ್ಲಿ ಕನ್ನಡ. ಮದುವೆಯಾಗಿ ನಮ್ಮವರ ಹಿಂದೆ ದೋಹಾಕ್ಕೆ ಬಂದವಳು, ಮನೆಯಲ್ಲಿ ಕೂತು ಗೋಡೆ ನೋಡಿ ಸಾಕಾಗಿ, ಮದೀನತ್ ಖಲೀಫಾದ ಒಂದು ಕನ್‌ಸ್ಟ್ರಕ್ಷನ್ ಕಂಪೆನಿಗೆ ಸೇರಿದೆ. ಎತ್ತ ನೋಡಿದರೂ ಕ್ರೇನುಗಳೇ ಕಾಣುತ್ತಿದ್ದ ಕಾಲ ಅದು, ಎರಡು ಸಾವಿರದ ಏಳು-ಎಂಟರ ಸುಮಾರು. ಅಲ್ಲಿನ ಪ್ರಾಜೆಕ್ಟ್ ಮ್ಯಾನೇಜರ್ ಒಬ್ಬ ಇಂಗ್ಲಿಷಿನವರು, ಅರವತ್ತರ ಹತ್ತಿರದವರು. ನಾನು ಅವರನ್ನು ಎದುರಿಗೆ ‘ಸರ್’ ಅನ್ನುತ್ತಿದ್ದೆ, ಮನೆಯಲ್ಲಿ ‘ನಮ್ಮ ದೊರೆ’ ಅನ್ನುತ್ತಿದ್ದೆ. ಒಳ್ಳೆಯ ಮನುಷ್ಯ. ಜೋರು ಮಾತಿಲ್ಲ, ಸಿಟ್ಟಿಲ್ಲ. ಒಂದೇ ಒಂದು ಹುಚ್ಚು ಅವರಿಗೆ, ಅವರ ಊರಿನದು.

ಅವರ ಊರು ಇಂಗ್ಲೆಂಡಿನ ದಕ್ಷಿಣದ ಕರಾವಳಿಯಲ್ಲಿ ಸಮುದ್ರಕ್ಕೆ ಚಾಚಿಕೊಂಡ ಒಂದು ಪರ್ಯಾಯ ದ್ವೀಪ, ಪೋರ್ಟ್‌ಲ್ಯಾಂಡ್. ಉದ್ದ ನಾಲ್ಕೇ ಮೈಲಿ. ಮೂರು ಕಡೆ ನೀರು, ಉಳಿದ ಒಂದು ಕಡೆ ನುಣುಪು ಬೆಣಚುಕಲ್ಲಿನ ದಂಡೆ, ಒಂದು ಸೇತುವೆ, ನಡುವೆ ಪೂರ್ತಿ ಕಲ್ಲುಕೋರೆ. ಆ ಊರಿನ ಚರಿತ್ರೆಯನ್ನು ನಮ್ಮ ದೊರೆ ಪುಸ್ತಕವಾಗಿ ಬರೆಯುತ್ತಿದ್ದರು. ಊರಿನಲ್ಲಿ ಅವರ ತಾಯಿ ಇದ್ದರು. ಆಕೆಗೆ ತೊಂಬತ್ತು ತುಂಬುವ ದಿನ ಅಚ್ಚಾದ ಪುಸ್ತಕ ಆಕೆಯ ಕೈಯಲ್ಲಿರಬೇಕು ಎಂಬುದು ಅವರ ಆಸೆ. “ಅಮ್ಮನ ಹೃದಯ ಸರಿ ಇಲ್ಲ. ತೊಂಬತ್ತೊಂದಕ್ಕೆ ಕೊಡುತ್ತೇನೆ ಅಂತ ಕಾಯುವ ಹಾಗಿಲ್ಲ,” ಅಂದಿದ್ದರು ನನ್ನ ಹತ್ತಿರ. ಅವರ ಕೈಬರಹ ಟೈಪ್ ಮಾಡುವ ಕೆಲಸ ನನಗೆ ಬಂತು. ಅಲ್ಲಿಂದ ಶುರು.

ಗೋಡೆಯ ಮೇಲೆ ಎರಡು ನಕಾಶೆ

ದೊರೆಯ ಕೋಣೆಯ ಗೋಡೆಯಲ್ಲಿ ಎರಡು ನಕಾಶೆ ಇದ್ದವು. ಒಂದು ಕತಾರಿನದು, ಪುಸ್ತಕದ ಹಾಳೆಯಷ್ಟು. ಇನ್ನೊಂದು ಪೋರ್ಟ್‌ಲ್ಯಾಂಡಿನದು, ನಮ್ಮ ಕಡೆ ಹೊಸ ಮನೆಯ ಬಾಗಿಲಿಗೆ ಹಾಕುವ ಪರದೆಯಷ್ಟು. ಸೇರಿದ ಮೊದಲ ದಿನ ಮಾತಿಗೊಂದು ಮಾತು ಇರಲಿ ಎಂದು ನಾನು, “ಸರ್, ನಾವೀಗ ಇರುವ ಕತಾರೂ ಪರ್ಯಾಯ ದ್ವೀಪವೇ ಅಲ್ವಾ?” ಎಂದೆ.

ಅವರು ಕನ್ನಡಕದ ಮೇಲಿಂದ ನೋಡಿ, “ಇದು ದೇಶ. ಪರ್ಯಾಯ ದ್ವೀಪ ನಮ್ಮದು,” ಎಂದರು. ಕತಾರಿನವರು ಕೇಳಿಸಿಕೊಂಡರೆ ಅಳುವುದೋ ನಗುವುದೋ.

ಒಂದು ದಿನ ಕೇರಳದ ಒಬ್ಬ ಪ್ಲಂಬಿಂಗ್ ಕಂಟ್ರಾಕ್ಟರ್ ಕೆಲಸ ಕೇಳಿಕೊಂಡು ಬಂದ. ದೊರೆ ಫೋನಿನಲ್ಲಿದ್ದರು. ಅವನು ಸುಮ್ಮನೆ ಕೂತಿರದೆ ಆ ದೊಡ್ಡ ನಕಾಶೆಯ ಎದುರು ನಿಂತು, ಕೈ ಹಿಂದೆ ಕಟ್ಟಿ, ತುದಿಯ ದೀಪಸ್ತಂಭದಿಂದ ಹಿಡಿದು ಬಂದರಿನವರೆಗೆ ಒಂದೊಂದೇ ನೋಡಿದ. ಫೋನಿಟ್ಟ ದೊರೆಗೆ ಖುಷಿಯೋ ಖುಷಿ. ಎದ್ದು ಬಂದು ಪಕ್ಕದಲ್ಲಿ ನಿಂತು, “ಇಗೋ ಇಲ್ಲಿ ಕಲ್ಲುಕೋರೆ. ಲಂಡನ್ನಿನ ದೊಡ್ಡ ಇಗರ್ಜಿಗೆ ಕಲ್ಲು ಹೋದದ್ದು ಇಲ್ಲಿಂದ. ಇಗೋ ಈ ಅಡ್ಡಗೋಡೆ ಕಾಣ್ತದಲ್ಲ, ಸಮುದ್ರದಲ್ಲಿ? ಕೈದಿಗಳು ಕಲ್ಲು ಕಡಿದು ಕಟ್ಟಿದ್ದು,” ಎಂದು ಮುಕ್ಕಾಲು ಗಂಟೆ ವಿವರಿಸಿದರು. ಕಂಟ್ರಾಕ್ಟರ್ ಪ್ರತಿಯೊಂದಕ್ಕೂ ತಲೆಯಾಡಿಸಿದ, ಎರಡು ಕಡೆ ಬೆರಳಿನಿಂದ ಅಳೆದ, ಡೈರಿಯಲ್ಲಿ ಬರೆದುಕೊಂಡ. ಇಷ್ಟು ಶ್ರದ್ಧೆಯಿಂದ ಕೇಳುವ ಮನುಷ್ಯ ದೋಹಾದಲ್ಲಿ ಸಿಕ್ಕಿದ್ದಕ್ಕೆ ದೊರೆಯ ಕಣ್ಣು ತುಂಬಿ ಬಂತು.

ಎಲ್ಲ ಮುಗಿದ ಮೇಲೆ ಅವನು ಪೆನ್ನು ಜೇಬಿಗಿಟ್ಟು ಕೇಳಿದ: “ಎಲ್ಲ ಮನಸ್ಸಿಲಾಯಿ, ಅರ್ಥ ಆಯ್ತು ಸರ್. ಪೈಪ್‌ಲೈನ್ ಬಂದರಿನ ಕಡೆಯಿಂದ ಎಳೆಯೋಣ. ಲೇಬರ್ ಕ್ಯಾಂಪ್ ಎಲ್ಲಿ ಹಾಕೋದು?”

ಆರ್ಡಿನರಿ

ಮುಐದರಿನಲ್ಲಿ ನಮ್ಮ ಕಂಪೆನಿ ಹನ್ನೆರಡು ವಿಲ್ಲಾ ಕಟ್ಟುತ್ತಿತ್ತು. ಸೈಟಿಗೆ ಸಿಮೆಂಟ್ ಬಂದ ದಿನ ದೊರೆ ಹೋಗಿ ನೋಡಿ, ಮುಖ ಊದಿಸಿಕೊಂಡು ವಾಪಸು ಬಂದರು. ಏನಾಯಿತು ಎಂದು ಕೇಳಿದೆ. ಅವರು ಕಿಸೆಯಿಂದ ಸಿಮೆಂಟ್ ಚೀಲದ ಹರಿದ ತುಂಡೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ಎಲ್ಲ ಚೀಲಗಳ ಮೇಲೂ ಇರುವ ಹಾಗೆ ‘ಆರ್ಡಿನರಿ ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂದಿತ್ತು.

ಆಗ ನನಗೂ ಹೊಳೆಯಿತು. ಅಯ್ಯೋ, ಹುಟ್ಟಿದಾಗಿನಿಂದ ಸಿಮೆಂಟ್ ಚೀಲದಲ್ಲಿ ಓದುತ್ತಿದ್ದ ಹೆಸರು ಈ ಮಹಾನುಭಾವರ ಊರಿನದು! ಎಲ್ಲಿಯೋ ದೂರದ ಊರಿನ ಗಾರೆಯವನೊಬ್ಬ ಹೊಸ ಸಿಮೆಂಟು ಮಾಡಿ, ಒಣಗಿದ ಮೇಲೆ ಇದು ಪೋರ್ಟ್‌ಲ್ಯಾಂಡಿನ ಕಲ್ಲಿನ ಹಾಗೆಯೇ ಕಾಣುತ್ತದೆ ಎಂದು ಆ ಹೆಸರಿಟ್ಟನಂತೆ.

“ಹೆಸರು ಇಟ್ಟದ್ದಕ್ಕೆ ಬೇಸರವಿಲ್ಲ,” ಎಂದರು ದೊರೆ. “ಆದರೆ ಆರ್ಡಿನರಿ ಯಾಕೆ? ಮೂವತ್ತು ವರ್ಷದಿಂದ ಇದನ್ನು ಸಹಿಸಿದ್ದೇನೆ. ಇನ್ನು ಆಗುವುದಿಲ್ಲ. ನಮ್ಮ ಆಫೀಸಿನ ಕಾಗದದಲ್ಲಿ ಆ ಶಬ್ದ ಬರಕೂಡದು.”

ದೊರೆ ಹೇಳಿದ ಮೇಲೆ ಆಯಿತು. ಕಟ್ಟಡಕ್ಕೆ ಯಾವ ಸಾಮಾನು ಬಳಸುತ್ತೇವೆ ಎಂದು ಕನ್ಸಲ್ಟೆಂಟಿಗೆ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು. ನಾನು ‘ಪೋರ್ಟ್‌ಲ್ಯಾಂಡ್ ಸಿಮೆಂಟ್’ ಎಂದಷ್ಟೇ ಟೈಪ್ ಮಾಡಿ ಕಳಿಸಿದೆ. ಕನ್ಸಲ್ಟೆಂಟ್ ಕಡೆಯ ಇಂಜಿನಿಯರ್ ಈಜಿಪ್ಟಿನವರು, ಒಂದು ಅಲ್ಪವಿರಾಮ ತಪ್ಪಿದರೂ ಬಿಡುವ ಜನವಲ್ಲ. ‘ಯಾವ ಬಗೆಯದು? ಆರ್ಡಿನರಿಯೋ, ಉಪ್ಪುನೀರು ತಡೆಯುವುದೋ?’ ಎಂದು ಕೆಂಪು ಶಾಯಿಯಲ್ಲಿ ಬರೆದು ವಾಪಸು ಕಳಿಸಿದರು. ‘ಉಪ್ಪುನೀರಿನದಲ್ಲ’ ಎಂದು ದೊರೆ ಬರೆಸಿದರು. ‘ಹಾಗಾದರೆ ಆರ್ಡಿನರಿಯೇ?’ ಎಂದು ಅವರು. ‘ಈಗಾಗಲೇ ಉತ್ತರಿಸಲಾಗಿದೆ’ ಎಂದು ಇವರು. ಸೈಟಿನಲ್ಲಿ ಫೋರ್‌ಮನ್ ದಿನಾ ಫೋನ್ ಮಾಡಿ, “ಮೇಡಂ, ಕಾಂಕ್ರೀಟ್ ಯಾವಾಗ ಹಾಕೋದು? ಕಟ್ಟಿಟ್ಟ ಕಬ್ಬಿಣದೊಳಗೆ ಬೆಕ್ಕು ಮರಿ ಹಾಕಿದೆ,” ಎಂದು ಗೋಳಾಡುತ್ತಿದ್ದ. ಎರಡು ವಾರ ಹೀಗೆಯೇ ಹೋಯಿತು.

ಕೊನೆಗೆ ಈಜಿಪ್ಟಿನ ಇಂಜಿನಿಯರ್ ತಾವೇ ಬಂದರು. ನಾನು ಇಬ್ಬರಿಗೂ ಚಾಯ್ ಕೊಟ್ಟು ಬಾಗಿಲ ಹತ್ತಿರವೇ ನಿಂತೆ. ದೊರೆ ತಮ್ಮ ಊರಿನ ಕಲ್ಲಿನ ಕಥೆ ಪೂರ್ತಿ ಹೇಳಿದರು. ಅವರು ಎಲ್ಲ ಕೇಳಿ, ನಿಟ್ಟುಸಿರು ಬಿಟ್ಟು, “ಹಬೀಬಿ, ನಮ್ಮ ಪಿರಮಿಡ್ಡಿನ ಚಿತ್ರವನ್ನು ಜನ ಸೋಪಿನ ಡಬ್ಬಿಯ ಮೇಲೂ ಹಾಕ್ತಾರೆ. ನಾನು ಸಹಿಸಿಲ್ವಾ?” ಎಂದರು. ಇಬ್ಬರೂ ಸೇರಿ ಒಪ್ಪಂದಕ್ಕೆ ಬಂದರು. ನಾನು ಟೈಪ್ ಮಾಡಿದ ಕೊನೆಯ ಕಾಗದ ಇವತ್ತಿಗೂ ಆ ಫೈಲಿನಲ್ಲಿ ಇರಬೇಕು: ‘ಪೋರ್ಟ್‌ಲ್ಯಾಂಡ್ ಸಿಮೆಂಟ್, ತಿಳಿಯದ ಜನ ಇದನ್ನು ಆರ್ಡಿನರಿ ಎಂದು ಕರೆಯುವುದುಂಟು.’ ಅದರ ಕೆಳಗೆ ಕನ್ಸಲ್ಟೆಂಟಿನ ಸೀಲು: ‘ಒಪ್ಪಿದೆ.’

ಮಗಳ ಹುಟ್ಟೂರು

ಮಧ್ಯಾಹ್ನದ ಬಿಡುವಿನಲ್ಲಿ ದೊರೆ ಬರೆಯುತ್ತಿದ್ದರು, ಮರುದಿನ ನಾನು ಟೈಪ್ ಮಾಡುತ್ತಿದ್ದೆ. ನಾಲ್ಕೈದು ತಿಂಗಳಾಗುವಾಗ ನನಗೆ ನನ್ನ ತವರಿನ ಓಣಿಗಿಂತ ಪೋರ್ಟ್‌ಲ್ಯಾಂಡಿನ ದಾರಿಯೇ ಹೆಚ್ಚು ಗೊತ್ತಿತ್ತು. ಹಡಗು ಒಡೆದ ಬಂಡೆ ಯಾವುದು, ಕಳ್ಳಸಾಗಣೆಯವರು ಕತ್ತಲಲ್ಲಿ ದಡಕ್ಕೆ ಬಂದಾಗ ಬೆಣಚುಕಲ್ಲಿನ ಗಾತ್ರ ಮುಟ್ಟಿ ನೋಡಿಯೇ ಎಲ್ಲಿದ್ದೇವೆ ಎಂದು ಹೇಗೆ ತಿಳಿಯುತ್ತಿದ್ದರು, ಎಲ್ಲ ನನಗೆ ಬಾಯಿಪಾಠ. ರಾತ್ರಿ ಊಟಕ್ಕೆ ಕೂತರೆ ಅದೇ ಮಾತು. ನಮ್ಮವರು, “ಇವತ್ತು ಬಂಗುಡೆ ಒಳ್ಳೆದುಂಟು,” ಎಂದರೆ ನಾನು, “ಹೌದು, ಅಲ್ಲಿಯೂ ಬಂಗುಡೆ ಬಲೆಗೆ ಬೀಳುವಾಗ ಊರಿಗೆ ಊರೇ ದಂಡೆಗೆ ಓಡ್ತದೆ,” ಎಂದು ಶುರು ಮಾಡುತ್ತಿದ್ದೆ. ಅವರು ತಟ್ಟೆ ಎತ್ತಿಕೊಂಡು ಟಿವಿ ಎದುರು ಹೋಗಿ ಕೂರುತ್ತಿದ್ದರು. ಮಗಳು ಮಾತ್ರ ಬಾಯಿ ಬಿಟ್ಟು ಕೇಳುತ್ತಿದ್ದಳು.

ಆಗ ಅವಳು ನಾಲ್ಕನೇ ಕ್ಲಾಸು. ಹುಟ್ಟಿದ್ದು ಬೆಳೆದದ್ದು ದೋಹಾದಲ್ಲಿ, ಊರು ನೋಡುವುದು ಎರಡು ವರ್ಷಕ್ಕೊಮ್ಮೆ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಂದು ದಿನ ಶಾಲೆಯಿಂದ ತಂದೆ-ತಾಯಿ ಇಬ್ಬರೂ ಬನ್ನಿ ಎಂದು ಚೀಟಿ ಬಂತು.

ಹೋದೆವು. ಟೀಚರಮ್ಮ ನಮ್ಮನ್ನು ಕೂರಿಸಿ, ಬಾಗಿಲು ಹಾಕಿ, ಮೆತ್ತಗಿನ ದನಿಯಲ್ಲಿ, “ಮಗು ಒಂದು ಪ್ರಬಂಧ ಬರೆದಿದ್ದಾಳೆ, ‘ನನ್ನ ಹುಟ್ಟೂರು’ ಅಂತ. ನೀವೇ ಓದಿ,” ಎಂದು ಪುಸ್ತಕ ಕೊಟ್ಟರು. ಅದರಲ್ಲಿ ಹೀಗಿತ್ತು: ‘ನಮ್ಮ ಊರು ಸಮುದ್ರದ ಬದಿಯಲ್ಲಿದೆ. ನಮ್ಮ ಜನರನ್ನು ಸರಪಳಿ ಕಟ್ಟಿ ಹಡಗಿನಲ್ಲಿ ತಂದರು. ಅವರು ಜೈಲಿನಲ್ಲಿದ್ದು ಕಲ್ಲು ಒಡೆದರು. ಉಳಿದವರು ಕಳ್ಳಸಾಗಣೆ ಮಾಡಿದರು. ನನ್ನ ಅಮ್ಮನಿಗೆ ಇದೆಲ್ಲ ಚೆನ್ನಾಗಿ ಗೊತ್ತು.’

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಟೀಚರಮ್ಮ ಇನ್ನೂ ಮೆತ್ತಗೆ, “ತಪ್ಪು ತಿಳಿಯಬೇಡಿ. ಮನೆಯಲ್ಲಿ ಯಾರಾದರೂ... ಜೈಲಿನಲ್ಲಿ...?” ಎಂದು ಅರ್ಧಕ್ಕೆ ನಿಲ್ಲಿಸಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಗಂಭೀರವಾಗಿ ಹೇಳಿದರು:

“ನನ್ನ ಕಡೆ ಯಾರೂ ಇಲ್ಲ ಟೀಚರ್. ಇವಳ ತವರಿನ ಕಡೆ ವಿಚಾರಿಸಬೇಕು.”

ಗೆರೆ

ಪುಸ್ತಕ ಮುಗಿಯುತ್ತಾ ಬಂದಾಗ, ಏಳನೇ ಅಧ್ಯಾಯದಲ್ಲಿ ನನಗೊಂದು ವಿಚಿತ್ರ ಕಾಣಿಸಿತು. ದೊರೆ ಕೆಲವು ಕಡೆ ಶಬ್ದ ಬರೆಯದೆ ಒಂದು ಉದ್ದ ಗೆರೆ ಎಳೆದು ಮುಂದೆ ಹೋಗಿದ್ದರು. ಅಧ್ಯಾಯದ ತಲೆಬರಹವೇ ‘ಕಲ್ಲುಕೋರೆ ಮತ್ತು ————’. ಒಳಗೆ, ‘———— ಕಂಡ ದಿನ ಕೆಲಸದವರು ಹತಾರು ಕೆಳಗಿಟ್ಟು ಮನೆಗೆ ಹೋಗುತ್ತಿದ್ದರು.’

“ಸರ್, ಇಲ್ಲಿ ಏನು ಬರಬೇಕು?” ಎಂದು ಕೇಳಿದೆ.

ದೊರೆಯ ಕಿವಿ ಕೆಂಪಾಯಿತು. ಕಿಟಕಿಯ ಹೊರಗೆ ನೋಡುತ್ತಾ, “ಗೆರೆ ಗೆರೆಯಾಗಿಯೇ ಇರಲಿ,” ಎಂದರು.

ಯೇಸುವೇ, ಯಾವುದೋ ಕೆಟ್ಟ ಶಬ್ದ ಇರಬೇಕು ಎಂದುಕೊಂಡೆ. ನಾನು ಕಾನ್ವೆಂಟಿನಲ್ಲಿ ಕಲಿತವಳು, ಮತ್ತೆ ಕೇಳಲಿಲ್ಲ. ಹಾಗೆಯೇ ಗೆರೆ ಹಾಕಿ ಟೈಪ್ ಮಾಡಿದೆ. ದೊರೆ ಎಲ್ಲ ಓದಿ ನೋಡಿ, ಇಂಗ್ಲೆಂಡಿನ ಪ್ರೆಸ್ಸಿಗೆ ಇಮೇಲ್ ಮಾಡಿಸಿ, ದುಖಾನಿನ ದಾರಿಯಲ್ಲಿ ಮರುಭೂಮಿಯ ಒಂದು ಹೊಸ ಸೈಟ್ ನೋಡಲು ಎರಡು ದಿನಕ್ಕೆ ಹೋದರು. ಅಲ್ಲಿ ಮೊಬೈಲ್ ಹಿಡಿಯುವುದಿಲ್ಲ.

ಅವರು ಹೋದ ಮರುದಿನವೇ ಪ್ರೆಸ್ಸಿನಿಂದ ಉತ್ತರ ಬಂತು: ‘ನಲವತ್ತೊಂದು ಕಡೆ ಶಬ್ದ ಬಿಟ್ಟುಹೋಗಿದೆ. ಇವತ್ತು ಸಂಜೆಯೊಳಗೆ ತುಂಬಿ ಕಳಿಸಿ. ಇಲ್ಲವಾದರೆ ಬೇರೆಯವರ ಕೆಲಸ ಮೆಷಿನ್ನಿಗೆ ಹೋಗುತ್ತದೆ, ನಿಮ್ಮದು ಹುಟ್ಟುಹಬ್ಬದ ದಿನಕ್ಕೆ ಆಗುವುದಿಲ್ಲ.’

ಸೈಟಿಗೆ ಹತ್ತು ಸಲ ಫೋನ್ ಮಾಡಿದೆ, ಸಿಗಲಿಲ್ಲ. ಅಲ್ಲಿ ತೊಂಬತ್ತು ವರ್ಷದ ತಾಯಿ, ಇಲ್ಲಿ ಸಂಜೆ ಐದರ ಗಡುವು. ಎದ್ದು ನೀರು ಕುಡಿದು ಬಂದು, ನಲವತ್ತೊಂದು ಗೆರೆಗಳನ್ನೂ ಮೊದಲಿನಿಂದ ಓದಿದೆ. ಬಂಡೆಯ ಸಂದಿನಲ್ಲಿ ಬಿಲ ತೋಡುತ್ತದೆ. ಪಾದ್ರಿಯ ಕ್ಯಾಬೇಜ್ ತಿನ್ನುತ್ತದೆ. ಕಿವಿ ಉದ್ದ. ವರ್ಷಕ್ಕೆ ಮೂವತ್ತು ಮರಿ. ಇಷ್ಟು ಹೇಳಿದ ಮೇಲೂ ಗೊತ್ತಾಗದಿರಲು ನಾನೇನು ದಡ್ಡಿಯೇ? ಮೊಲ!

ಆದರೆ ಮೊಲ ಎಂದು ಬರೆಯಲು ಮನುಷ್ಯನಿಗೆ ನಾಚಿಕೆ ಯಾಕೆ? ನಮ್ಮವರಿಗೆ ಫೋನ್ ಮಾಡಿ ಕೇಳಿದೆ. ಅವರು ಬ್ಯಾಂಕಿನ ಕೌಂಟರಿನಲ್ಲಿದ್ದುಕೊಂಡೇ, “ಚಿಕ್ಕಂದಿನಲ್ಲಿ ಒಂದು ಸಾಕಿರಬೇಕು ಮಾರಾಯ್ತಿ, ಅದು ಸತ್ತಿರಬೇಕು. ಪಾಪ, ಹೆಸರು ಬರೆಯಲು ಕೈ ಬರ್ತಿಲ್ಲ,” ಎಂದರು. ಛೆ, ಅಷ್ಟು ದೊಡ್ಡ ಮನುಷ್ಯ, ಇನ್ನೂ ಮರೆತಿಲ್ಲ ನೋಡಿ.

ಕೂತೆ. ನಲವತ್ತೊಂದು ಕಡೆಯೂ ತುಂಬಿದೆ. ತೀರಿಹೋದ ಆ ಬಡಪ್ರಾಣಿಗೆ ಗೌರವ ಇರಲೆಂದು ಪ್ರತಿ ಸಲ ಕ್ಯಾಪಿಟಲ್ ಅಕ್ಷರದಿಂದ ಶುರು ಮಾಡಿದೆ. ತಲೆಬರಹವನ್ನು ದಪ್ಪ ಅಕ್ಷರದಲ್ಲಿ ‘ಕಲ್ಲುಕೋರೆ ಮತ್ತು ಮೊಲ’ ಎಂದು ಮಾಡಿದೆ. ಆ ಅಧ್ಯಾಯದ ಪ್ರತಿ ಪುಟದ ಮೇಲೂ ಅದೇ ಬರುವ ಹಾಗಾಯಿತು. ಪುಸ್ತಕದ ಕೊನೆಯ ಪದಸೂಚಿಯಲ್ಲೂ ಸೇರಿಸಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿ, ಒಂದು ಪುಣ್ಯದ ಕೆಲಸ ಮಾಡಿದೆ ಎಂದು ನೆಮ್ಮದಿಯಿಂದ ಮನೆಗೆ ಹೋಗಿ ಮೀನು ಹುರಿದೆ.

ದೊರೆಯ ಕಿವಿ

ದೊರೆ ಮರುಭೂಮಿಯಿಂದ ಬಂದ ಕೂಡಲೇ ನಾನು ನಗುನಗುತ್ತಾ ಹೋಗಿ ಎಲ್ಲ ಹೇಳಿದೆ. “ಪ್ರೆಸ್ಸಿನಿಂದ ಅಚ್ಚಾಯಿತು ಅಂತ ಇಮೇಲ್ ಬಂದಿದೆ ಸರ್. ನಾಳೆ ನಿಮ್ಮ ಊರಿಗೆ ಕಳಿಸ್ತಾರಂತೆ. ಗೆರೆಗಳನ್ನೆಲ್ಲ ನಾನೇ ತುಂಬಿದೆ. ನೀವು ಬೇಸರ ಮಾಡಬೇಡಿ, ಮೊಲ ಅಂತ ಬರೆದರೆ ಏನೂ...”

ಆ ಶಬ್ದ ನನ್ನ ಬಾಯಿಂದ ಬಿದ್ದದ್ದೇ ತಡ, ದೊರೆ ಎರಡು ಕೈಯಿಂದ ಮೇಜು ಹಿಡಿದುಕೊಂಡರು. ಮುಖ ಸುಣ್ಣವಾಯಿತು. ನಾನು ಹೆದರಿ ನೀರು ಕೊಟ್ಟೆ.

ಒಂದು ಗುಟುಕು ಕುಡಿದು ನಿಧಾನವಾಗಿ ಹೇಳಿದರು, “ನಮ್ಮ ಊರಿನಲ್ಲಿ ಅದನ್ನು ಹೇಳುವುದಿಲ್ಲ.”

“ಯಾವುದನ್ನು ಸರ್? ಮೊಲ?”

“ಅಯ್ಯೋ! ಹೇಳಬೇಡ!”

“ಹಾಗಾದರೆ ಮೊದಲೇ ನನಗೆ ಹೇಳಬಾರದಿತ್ತಾ?”

“ಹೇಗೆ ಹೇಳಲಿ?” ಎಂದು ದೊರೆ ಜೀವಮಾನದಲ್ಲಿ ಮೊದಲ ಸಲ ಕೂಗಿದರು. “ಹೇಳಬಾರದು ಅಂತ ಹೇಳಬೇಕಾದರೂ ಅದನ್ನು ಹೇಳಬೇಕಲ್ಲ!”

ಆ ಮಾತೂ ಸರಿಯೇ. ಆಮೇಲೆ ಎದ್ದು ನಿಂತು, ಬಾಗಿಲ ಕಡೆಗೆ ಬೆನ್ನು ಹಾಕಿ, ಆ ಶಬ್ದ ಬಳಸದೆ ಅಭಿನಯ ಮಾಡಿ ವಿವರಿಸಿದರು. ಬಂಡೆ ಕುಸಿಯುವ ಮೊದಲು ಈ ಪ್ರಾಣಿಗಳು ಬಿಲದಿಂದ ಹೊರಗೆ ಓಡಿ ಬರುತ್ತವೆ. ಅವು ಕಂಡವೆಂದರೆ ಕೋರೆಯಲ್ಲಿ ಸಾವು ಖಂಡಿತ ಎಂದು ಹಳಬರ ನಂಬಿಕೆ. ಅದಕ್ಕೆ ಅವುಗಳ ಹೆಸರನ್ನೇ ಎತ್ತುವುದಿಲ್ಲ. ಓಡಿ ಬರುವುದನ್ನು ತೋರಿಸಲು ದೊರೆ ತಲೆಯ ಮೇಲೆ ಎರಡು ಬೆರಳು ನಿಲ್ಲಿಸಿ, ಮೂಗು ಅಲ್ಲಾಡಿಸಿ, ಮೇಜಿನ ಸುತ್ತ ಮೂರು ಹಾರು ಹಾರಿದರು. ಆರಡಿ ಎತ್ತರ, ಟೈ ಬೇರೆ.

ಮೂರನೆಯ ಹಾರಿಗೆ ತಿರುಗಿದರೆ ಬಾಗಿಲಲ್ಲಿ ನಮ್ಮ ಕತಾರಿ ಮಾಲೀಕರು ನಿಂತಿದ್ದಾರೆ! ಕಾಲಿನವರೆಗೆ ಬಿಳಿ ತೋಬಿನ ನಿಲುವಂಗಿ, ಕೈಯಲ್ಲಿ ಜಪಮಣಿ. ದೊರೆಯ ಬೆರಳು ಇನ್ನೂ ತಲೆಯ ಮೇಲೆಯೇ. ಮಾಲೀಕರು ಒಂದು ಗಳಿಗೆ ನೋಡಿದರು, ನನ್ನ ಕಡೆ ತಿರುಗಿ ‘ಯಾವಾಗಿನಿಂದ?’ ಎನ್ನುವ ಹಾಗೆ ಹುಬ್ಬು ಏರಿಸಿದರು, ಮತ್ತೆ ಬಹಳ ಪ್ರೀತಿಯಿಂದ, “ಮಾಫಿ ಮುಶ್ಕಿಲ್, ಮಾಫಿ ಮುಶ್ಕಿಲ್, ಏನೂ ತೊಂದರೆಯಿಲ್ಲ,” ಎನ್ನುತ್ತಾ ಬಾಗಿಲು ಎಳೆದುಕೊಂಡು ಹೋದರು.

ನಾಲ್ಕು ತಿಂಗಳಿಂದ ಕೇಳಿದರೂ ದೊರೆಗೆ ಸಿಗದಿದ್ದ ರಜೆ ಅರ್ಧ ಗಂಟೆಯಲ್ಲಿ ಮಂಜೂರಾಯಿತು. ಜೊತೆಗೆ ಒಂದು ಬುಟ್ಟಿ ಖರ್ಜೂರ.

ಫೋನು

ರಜೆ ಸಿಕ್ಕಿತು ಎಂದು ದೊರೆಗೆ ಖುಷಿಯಿಲ್ಲ. ತಾಯಿಯ ಎದುರು ಆ ಪುಸ್ತಕ ಬಿಚ್ಚುವುದು ಹೇಗೆ ಎಂಬುದೇ ಚಿಂತೆ. “ಆ ಮನೆಯಲ್ಲಿ ಆ ಶಬ್ದ ಅಮ್ಮನ ಕಿವಿಗೆ ಬಿದ್ದು ಅರವತ್ತೆಂಟು ವರ್ಷವಾಯಿತು. ಡಾಕ್ಟರು ಗಾಬರಿಪಡಿಸಬೇಡಿ ಅಂದಿದ್ದಾರೆ,” ಎಂದು ಹೇಳಿ ವಿಮಾನ ಹತ್ತಿದರು.

ನನ್ನ ಅವಸ್ಥೆ ಯಾರಿಗೂ ಬೇಡ. ಕೂತರೆ ನಿಂತರೆ ಅದೇ ಯೋಚನೆ. ನಾನು ಕಾಣದ ಊರಿನ ಒಬ್ಬಳು ಮುದುಕಿಯನ್ನು ನಲವತ್ತೊಂದು ಮೊಲ ಬಿಟ್ಟು ಕೊಂದೆನಲ್ಲ! ಶುಕ್ರವಾರ ಅಬು ಹಮೂರಿನ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೂ ಮೊಣಕಾಲೂರಿ ಕೂತಿದ್ದೆ. ನಮ್ಮೂರಿನ ಹೆಂಗಸೊಬ್ಬರು ಹತ್ತಿರ ಬಂದು, “ಯಾರಿಗೆ ಹುಷಾರಿಲ್ಲ?” ಎಂದು ಕೇಳಿದರು. “ನಮ್ಮ ದೊರೆಯ ತಾಯಿಗೆ,” ಎಂದೆ. “ಎಂತ ಕಾಯಿಲೆ?” ಎಂದರು. ಏನು ಹೇಳಲಿ? “ಮೊಲ,” ಎಂದೆ. ಆಕೆ ಶಿಲುಬೆಯ ಗುರುತು ಹಾಕಿಕೊಂಡು ಹೋದರು.

ಹುಟ್ಟುಹಬ್ಬ ಶನಿವಾರ. ಭಾನುವಾರ ನಮಗೆ ಕೆಲಸದ ದಿನ. ಮಧ್ಯಾಹ್ನದ ಬಿಡುವಿಗೆ ಸ್ವಲ್ಪ ಮೊದಲು, ನನ್ನನ್ನು ಮನೆಗೆ ಕರೆದುಕೊಂಡು ಹೋಗಲು ನಮ್ಮವರು ಬಂದು ಹೊರಗೆ ರಿಸೆಪ್ಷನ್ನಿನ ಸೋಫಾದಲ್ಲಿ ಪೇಪರ್ ಹಿಡಿದು ಕೂತಿದ್ದರು. ಆಗ ಫೋನ್ ಬಂತು. ದೊರೆಯ ದನಿ, ಬಾವಿಯ ಒಳಗಿನಿಂದ ಬಂದ ಹಾಗೆ.

“ಅಮ್ಮ ನಿನ್ನ ಹತ್ತಿರ ಮಾತಾಡಬೇಕಂತೆ.”

ಬದುಕಿದ್ದಾರೆ! ದೇವರೇ, ನಿನಗೆ ಸ್ತೋತ್ರ! ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ಹೊಳೆಯಿತು: ಬದುಕಿದ್ದಾರೆ ಎಂದರೆ ಬೈಯುತ್ತಾರೆ.

“ಇದನ್ನು ಮಾಡಿದ ಹುಡುಗಿ ನೀನೇನಾ?” ಎಂದಿತು ಆ ಕಡೆಯಿಂದ ಒಂದು ದನಿ. ತೊಂಬತ್ತು ವರ್ಷದ್ದೆಂದು ಯಾರೂ ಹೇಳಲಾರರು, ಮೀನು ಮಾರುವವರ ದನಿಯ ಹಾಗೆ ಖಡಕ್ಕಾಗಿತ್ತು.

“ಹೌದು ಮೇಡಂ. ದಯವಿಟ್ಟು ಕ್ಷಮಿಸಿ. ನನಗೆ ಗೊತ್ತಿರಲಿಲ್ಲ.”

“ಕ್ಷಮಿಸುವುದಾ? ಬಾಯಿ ಮುಚ್ಚು, ಕೇಳು. ನಾನು ಈ ಊರಿನವಳಲ್ಲ. ಸೇತುವೆಯ ಆಚೆಯವಳು, ಇಲ್ಲಿಂದ ಮೂರು ಮೈಲಿ. ನನ್ನ ಅಪ್ಪ ಅವನ್ನು ಸಾಕುತ್ತಿದ್ದ. ನಾನು ಅವುಗಳ ಜೊತೆಯಲ್ಲೇ ಬೆಳೆದವಳು. ಇಪ್ಪತ್ತೆರಡಕ್ಕೆ ಮದುವೆಯಾಗಿ ಇಲ್ಲಿಗೆ ಬಂದೆ. ಮೊದಲ ಬೆಳಿಗ್ಗೆ ತಿಂಡಿಗೆ ಕೂತಾಗ, ಏನಾದರೂ ಮಾತಾಡಬೇಕಲ್ಲ ಅಂತ, ನನ್ನ ಅಪ್ಪನ ಮನೆಯಲ್ಲಿ ಇಂಥದ್ದು ಉಂಟು ಅಂದೆ. ಮಾವ ಚಮಚ ಕೆಳಗಿಟ್ಟ. ಮೈದುನಂದಿರು ಐದು ಜನ ಚಮಚ ಕೆಳಗಿಟ್ಟರು. ಆ ದಿನ ಒಬ್ಬನೂ ಕೋರೆಗೆ ಹೋಗಲಿಲ್ಲ. ಸಂಜೆವರೆಗೆ ಮನೆಯಲ್ಲೇ ಕೂತು ನನ್ನನ್ನು ನೋಡಿದರು. ಅತ್ತೆ ಹೇಳಿದಳು, ಇನ್ನು ಈ ಮನೆಯಲ್ಲಿ ಆ ಶಬ್ದ ಬಂದರೆ ನೀನು ಸೇತುವೆ ದಾಟಬಹುದು ಅಂತ. ಅರವತ್ತೆಂಟು ವರ್ಷ ಮಗಾ! ಬಾಯಿ ಬಿಡಲಿಲ್ಲ. ಅಪ್ಪನ ಮನೆಯ ವಿಷಯ ನೆನಪಾದರೂ ಬಾಯಿ ಬಿಡಲಿಲ್ಲ.”

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ನಿನ್ನೆ ಎಲ್ಲರೂ ಬಂದಿದ್ದರು. ಮನೆ ತುಂಬ ನೆಂಟರು. ಇವನು ಪುಸ್ತಕ ಕೊಡುವುದಿಲ್ಲ ಅಂತ ಬೆನ್ನ ಹಿಂದೆ ಅಡಗಿಸಿ ನಿಂತಿದ್ದ. ಕಿತ್ತುಕೊಂಡೆ. ಅಜ್ಜಿ, ಒಂದು ಪುಟ ಓದಿ ಹೇಳಿ ಅಂತ ಎಲ್ಲರೂ ಗಂಟುಬಿದ್ದರು. ತೆಗೆದರೆ ಏಳನೇ ಅಧ್ಯಾಯ. ಓದಿದೆ. ಮಗ ಬರೆದದ್ದು, ಅಚ್ಚಾದದ್ದು, ಯಾರು ನನ್ನನ್ನು ಬೇಡ ಅನ್ನುವುದು? ಪೂರ್ತಿ ಅಧ್ಯಾಯ ಓದಿದೆ, ಜೋರಾಗಿ. ಎರಡನೇ ಪುಟಕ್ಕೆ ಅರ್ಧ ಕೋಣೆ ಖಾಲಿ. ನನ್ನ ಕೊನೆಯ ಮೈದುನ, ಎಂಬತ್ತಾರು ಅವನಿಗೆ, ಕೋಲು ಬಿಟ್ಟು ಓಡಿದ!”

ಹೇಳಿ ಅಜ್ಜಿ ನಕ್ಕ ನಗು! ನಾನೂ ನಕ್ಕೆ, ಅಳುತ್ತಾ ನಕ್ಕೆ. ಹಿಂದಿನಿಂದ, “ಅಮ್ಮಾ, ಸಾಕು,” ಎಂದು ದೊರೆಯ ದನಿ ಕೇಳಿಸಿತು. ಅಜ್ಜಿ ಬೇಕೆಂದೇ ಆ ಶಬ್ದವನ್ನು ಎರಡು ಸಲ ಹೇಳಿದರು. ಒಂದು ಬಾಗಿಲು ದಡಾರನೆ ಮುಚ್ಚಿತು.

“ಹೋದ, ಬಿಡು,” ಎಂದರು ಅಜ್ಜಿ. “ಈಗ ಹೇಳು, ನಿನ್ನ ಅತ್ತೆಯ ಮನೆಯಲ್ಲಿ ಯಾವುದನ್ನು ಹೇಳಬಾರದು?”

ನಾನು ಆಚೆ ಈಚೆ ನೋಡಿದೆ. ನನ್ನ ಅತ್ತೆ ಸಮುದ್ರದ ಆಚೆ ಉಡುಪಿಯಲ್ಲಿದ್ದರು, ಆದರೂ ದನಿ ತಗ್ಗಿತು. ದೀಪ ಹಚ್ಚಿದ ಮೇಲೆ ಹಾವು ಅನ್ನಬಾರದು, ಹಗ್ಗ ಅನ್ನಬೇಕು ಎಂದೆ. ಹೊರಡುವವರನ್ನು ಎಲ್ಲಿಗೆ ಎಂದು ಕೇಳಬಾರದು ಎಂದೆ. ಅಜ್ಜಿ, “ಇದೆಲ್ಲ ಸಣ್ಣದು. ದೊಡ್ಡದು ಹೇಳು,” ಎಂದರು.

“ಗಂಡನ ಹೆಸರು ಹೇಳಬಾರದು,” ಎಂದೆ. “ಅತ್ತೆ ಮೊದಲ ದಿನವೇ ಹೇಳಿಬಿಟ್ಟಿದ್ದಾರೆ. ಇವತ್ತಿಗೂ ನಾನು ಇವರು, ಅವರು, ರೀ ಅಂತಲೇ.”

“ಎಷ್ಟು ವರ್ಷ?”

“ಹದಿನಾರು.”

“ನನ್ನ ಹಾಗೆ ತೊಂಬತ್ತರವರೆಗೆ ಕಾಯಬೇಡ,” ಎಂದರು ಅಜ್ಜಿ. “ಹೇಳು. ಈಗಲೇ. ನನಗೆ ಕೇಳಿಸುವ ಹಾಗೆ.”

ಹುಟ್ಟುಹಬ್ಬದವರ ಮಾತು ಮೀರುವುದು ಹೇಗೆ? ಕಣ್ಣು ಮುಚ್ಚಿದೆ, ಉಸಿರು ಎಳೆದುಕೊಂಡೆ, ಇಂಗ್ಲೆಂಡಿಗೆ ಕೇಳಿಸುವ ಹಾಗೆ ಕೂಗಿಯೇ ಬಿಟ್ಟೆ.

ಹೊರಗೆ ಸೋಫಾ ಕಿರ್ರ್ ಎಂದಿತು. ಪೇಪರ್ ನೆಲಕ್ಕೆ ಬಿತ್ತು. ನಮ್ಮವರು ಒಂದು ಕಾಲಿನ ಚಪ್ಪಲಿಯನ್ನು ಅಲ್ಲೇ ಬಿಟ್ಟು ಓಡಿ ಬಂದು ಬಾಗಿಲಲ್ಲಿ ನಿಂತರು.

ಹದಿನಾರು ವರ್ಷದ ಸಂಸಾರ ಮಾರಾಯ್ರೆ. ಒಂದೇ ಕರೆಗೆ ಅವರು ಎದ್ದು ಬಂದದ್ದು ಅದೇ ಮೊದಲು.